ಟೇಬಲ್ ಮೇಲೆ ಮಲಗಿದ ಬೆಕ್ಕಿನ ಬಿಪಿ: ಯಾವ ಅಂಕಿಯನ್ನು ನಂಬೋಣ?

ಸಾಕುಪ್ರಾಣಿ ಆರೋಗ್ಯ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವಾಗ ನಾಯಿ, ಬೆಕ್ಕುಗಳ ರಕ್ತದೊತ್ತಡ ಅಳೆಯುವುದು ಹೇಗೆ, ಬಂದ ಅಂಕಿಯನ್ನು ಎಷ್ಟು ನಂಬಬಹುದು ಎಂಬುದೇ ಈ ಸಲದ ಪ್ರಶ್ನೆಗಳ ತಿರುಳು. ಸಾಕಿದವರೂ ಕೇಳಿದ್ದಾರೆ, ಕ್ಲಿನಿಕ್ ನಡೆಸುವವರೂ ಕೇಳಿದ್ದಾರೆ. ಉತ್ತರ ಕೊಟ್ಟವರು ಪಶುವೈದ್ಯ ಅರಿವಳಿಕೆಯಲ್ಲಿ ಪಳಗಿದವರು. ಕೆಳಗಿನ ಒತ್ತಡದ ಅಂಕಿಗಳೆಲ್ಲ ಮಿಲಿಮೀಟರ್ ಪಾದರಸದ ಲೆಕ್ಕದಲ್ಲಿವೆ.

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಸಂತಾನಹರಣದ ಆಪರೇಷನ್ ಆಯಿತು. ಚಾರ್ಟಿನಲ್ಲಿ ಒಂದು ಕಡೆ ‘ಡಾಪ್ಲರ್ 84’ (ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ ಉಪಕರಣದ ಅಂಕಿ) ಎಂದು ಬರೆದಿದ್ದಾರೆ. ಅದೇ ಹೊತ್ತಿಗೆ ಮಾನಿಟರ್ ‘104/62, ಸರಾಸರಿ 76’ ಎಂದು ತೋರಿಸಿದೆ. ಯಾವುದು ಸರಿ? 84 ಅಂದರೆ ಗಾಬರಿಪಡಬೇಕೆ? (ಮೈಸೂರು)

ಉತ್ತರ: ಎರಡೂ ಸರಿ ಇರಬಹುದು. ಎರಡೂ ಅಳೆದದ್ದು ಬೇರೆ ಬೇರೆ ಸಂಗತಿಯನ್ನು, ಅಷ್ಟೆ.

ಹೃದಯ ಕುಗ್ಗಿದಾಗಿನ ಮೇಲಿನ ಅಂಕಿ ಸಿಸ್ಟಾಲಿಕ್, ಸಡಿಲಗೊಂಡಾಗಿನ ಕೆಳಗಿನದು ಡಯಾಸ್ಟಾಲಿಕ್. ಸರಾಸರಿ ಒತ್ತಡ ಇವೆರಡರ ನಟ್ಟನಡುವೆ ಇರುವುದಿಲ್ಲ. ಹೃದಯ ಹೆಚ್ಚು ಹೊತ್ತು ಸಡಿಲವಾಗಿಯೇ ಇರುವುದರಿಂದ ಅದು ಕೆಳಗಿನ ಅಂಕಿಯ ಕಡೆ ವಾಲಿರುತ್ತದೆ: ಎರಡರ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಡಯಾಸ್ಟಾಲಿಕ್‌ಗೆ ಸೇರಿಸಿ. ನಿಮ್ಮ ಬೆಕ್ಕಿನ ಲೆಕ್ಕ 62 ಕೂಡಿಸು 14, ಅಂದರೆ 76. ಮಿದುಳು, ಮೂತ್ರಪಿಂಡಗಳಿಗೆ ರಕ್ತ ನುಗ್ಗಿಸುವುದು ಈ ಸರಾಸರಿಯೇ. ಅದು 60ಕ್ಕಿಂತ ಕೆಳಗಿಳಿದರೆ ಅರಿವಳಿಕೆಯಲ್ಲಿ ಬಿಪಿ ಬಿದ್ದಿದೆ ಎಂದು ಲೆಕ್ಕ. ಸಿಸ್ಟಾಲಿಕ್‌ನಲ್ಲಿ ಹೇಳುವುದಾದರೆ ಸುಮಾರು 90ಕ್ಕಿಂತ ಕೆಳಗೆ.

ಡಾಪ್ಲರ್ ಕೊಡುವುದು ಒಂದೇ ಅಂಕಿ. ನಾಯಿಯಲ್ಲಿ ಅದನ್ನು ಸಿಸ್ಟಾಲಿಕ್ ಎಂದೇ ಓದುತ್ತಾರೆ. ಬೆಕ್ಕಿನಲ್ಲಿ ಮಾತ್ರ ಅದು ನಿಜವಾದ ಸಿಸ್ಟಾಲಿಕ್‌ಗಿಂತ ಕಡಿಮೆಯೇ ಬರುವುದು ವಾಡಿಕೆ. ಅಪಧಮನಿಯೊಳಗೆ ನೇರವಾಗಿ ಅಳೆದ ಒತ್ತಡದ ಜೊತೆ ಹೋಲಿಸಿ, ಅರಿವಳಿಕೆಯಲ್ಲಿರುವ ಬೆಕ್ಕಿನ ಡಾಪ್ಲರ್ ಅಂಕಿಗೆ 14 ಸೇರಿಸಿದರೆ ಸಿಸ್ಟಾಲಿಕ್‌ಗೆ ಹತ್ತಿರವಾಗುತ್ತದೆ ಎಂದು 1990ರ ದಶಕದಲ್ಲೇ ಸೂಚಿಸಿದವರಿದ್ದಾರೆ. ಆ ಅಂಕಿ ಸರಾಸರಿಗೇ ಹೆಚ್ಚು ಹತ್ತಿರ ಎಂದು ಕಂಡುಕೊಂಡವರೂ ಇದ್ದಾರೆ. ನಿಮ್ಮ ಚಾರ್ಟಿನ 84 ಈ ಎರಡು ಲೆಕ್ಕಕ್ಕೂ ಹೊಂದುತ್ತದೆ: 14 ಸೇರಿಸಿದರೆ 98, ಮಾನಿಟರಿನ 104ಕ್ಕೆ ಹತ್ತಿರ, ಹಾಗೇ ಬಿಟ್ಟರೆ 76ಕ್ಕೂ ದೂರವಿಲ್ಲ. ಗಾಬರಿ ಬೇಡ. ಎರಡು ವಿಧಾನದಲ್ಲಿ ಅಳೆದು, ಯಾವುದು ಯಾವುದರದ್ದು ಎಂದು ಹೆಸರು ಹಾಕಿ ಬರೆದಿಟ್ಟ ಚಾರ್ಟು ಎಲ್ಲ ಕಡೆ ಸಿಗುವುದಿಲ್ಲ.

ಪ್ರಶ್ನೆ: ಹಲವು ಅಳತೆಗಳನ್ನು ಒಟ್ಟಿಗೆ ತೋರಿಸುವ ಹೊಸ ಮಲ್ಟಿಪ್ಯಾರಾ ಮಾನಿಟರ್ ತಂದಿದ್ದೇನೆ. ಒಂದೇ ನಾಯಿಗೆ ಐದು ನಿಮಿಷದೊಳಗೆ 138, 97, 121 ಎಂದು ಸಿಸ್ಟಾಲಿಕ್ ತೋರಿಸುತ್ತದೆ. ಮಷಿನ್ ಕೆಟ್ಟಿದೆಯೇ? (ಖಾಸಗಿ ಪಶುವೈದ್ಯರು, ದಾವಣಗೆರೆ)

ಉತ್ತರ: ಮಷಿನ್ ವಾಪಸ್ ಕಳಿಸುವ ಮೊದಲು ಕಫ್, ಅಂದರೆ ಕಾಲಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ ನೋಡಿ. ನಮಗೆ ಬರುವ ಇಂಥ ದೂರುಗಳಲ್ಲಿ ಬಹುಪಾಲು ಕಫ್‌ನಲ್ಲೇ ಮುಗಿಯುತ್ತವೆ.

ಕಫ್‌ನ ಅಗಲ ಕಾಲಿನ ಸುತ್ತಳತೆಯ ಶೇ 40ರಷ್ಟಿರಬೇಕು, ಬೆಕ್ಕಿನಲ್ಲಿ ಶೇ 30ರಿಂದ 40. ಕಣ್ಣಳತೆ ಸಾಲದು. ದರ್ಜಿಯ ಟೇಪು ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಒಂದನ್ನು ಮಾನಿಟರಿಗೇ ಕಟ್ಟಿಡಿ. ಬೆಕ್ಕಿನ ಮುಂಗಾಲಿನ ಸುತ್ತಳತೆ 7.5 ಸೆಂ.ಮೀ. ಇದ್ದರೆ 2.5 ಸೆಂ.ಮೀ. ಅಗಲದ ಕಫ್. ಲ್ಯಾಬ್ರಡಾರ್ ಕಾಲು 17 ಸೆಂ.ಮೀ. ಬಂದರೆ 7 ಸೆಂ.ಮೀ. ಹತ್ತಿರದ್ದು. ಕಫ್ ಕಿರಿದಾದರೆ ಒತ್ತಡ ಅಪಧಮನಿಯ ತನಕ ಪೂರ್ತಿ ಮುಟ್ಟದೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಅಂಕಿ ಸುಳ್ಳೇ ಏರುತ್ತದೆ. ಅಗಲವಾದರೆ ಸುಳ್ಳೇ ಇಳಿಯುತ್ತದೆ. ಬಿಪಿ ಬಿದ್ದ ನಾಯಿಗೆ ಕಿರಿದಾದ ಕಫ್ ಕಟ್ಟಿದರೆ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲೇ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನೇ ಆರಿಸಿ.

ನಮ್ಮಲ್ಲಿ ಹೆಚ್ಚಾಗಿ ಬಳಸುವುದು ನವಜಾತ ಶಿಶುಗಳ ಕಫ್. 1ನೇ ನಂಬರಿನದು 3ರಿಂದ 6 ಸೆಂ.ಮೀ. ಸುತ್ತಳತೆಗೆ, 2ನೆಯದು 4ರಿಂದ 8ಕ್ಕೆ, 3ನೆಯದು 6ರಿಂದ 11ಕ್ಕೆ, 4ನೆಯದು 7ರಿಂದ 13ಕ್ಕೆ, 5ನೆಯದು 8ರಿಂದ 15ಕ್ಕೆ. ಒಂದರ ವ್ಯಾಪ್ತಿ ಇನ್ನೊಂದರೊಳಗೆ ಎಷ್ಟು ಹೊಕ್ಕಿದೆ ನೋಡಿ! 7.5 ಸೆಂ.ಮೀ. ಕಾಲಿಗೆ ಮೂರು ನಂಬರುಗಳು ಹಿಡಿಸುತ್ತವೆ. ಅದಕ್ಕೇ ನಂಬರ್ ನಂಬದೆ, ಒಳಗಿನ ಗಾಳಿಚೀಲದ ಅಗಲವನ್ನೇ ಸ್ಕೇಲಿನಲ್ಲಿ ಅಳೆದು ಕಫ್ ಮೇಲೆ ಮಾರ್ಕರಿನಲ್ಲಿ ಬರೆದುಬಿಡಿ. ಹೊರಬಟ್ಟೆಯ ಅಗಲ ಲೆಕ್ಕಕ್ಕಿಲ್ಲ.

ಕಟ್ಟುವ ರೀತಿಯೂ ಅಷ್ಟೇ ಮುಖ್ಯ. ಗಾಳಿಚೀಲದ ನಡುಭಾಗ ಅಪಧಮನಿಯ ಮೇಲೆ ಕೂರಬೇಕು. ಮುಂಗಾಲಿನಲ್ಲಾದರೆ ಮೊಣಕೈ ಮತ್ತು ಮಣಿಕಟ್ಟಿನ ನಡುವೆ, ಒಳಮೈಯಲ್ಲಿ. ಕಟ್ಟಿದ ಮೇಲೆ ಕಿರುಬೆರಳು ಬಿಗಿಯಾಗಿ ತೂರುವಷ್ಟು ಜಾಗ ಸಾಕು. ವೆಲ್ಕ್ರೋ ಹಳತಾಗಿ ಬಿಚ್ಚಿಕೊಳ್ಳುತ್ತದೆಂದು ಮೇಲೆ ಪ್ಲಾಸ್ಟರ್ ಸುತ್ತುವವರಿದ್ದಾರೆ. ಆಗ ಕಫ್ ಹಿಗ್ಗಲಾರದೆ ತಪ್ಪು ಅಂಕಿ ಕೊಡುತ್ತದೆ, ವೆಲ್ಕ್ರೋ ಸತ್ತಿದ್ದರೆ ಕಫ್ ಬದಲಿಸಿ. ಡ್ಯಾಷ್‌ಹಂಡ್‌ನಂಥ ನಾಯಿಗಳ ಕಾಲು ಆಲಿಕೆಯ ಆಕಾರದ್ದು, ಕಫ್ ಜಾರುತ್ತದೆ. ಅವಕ್ಕೆ ಹಿಂಗಾಲಿನ ಹಿಮ್ಮಡಿ ಗಂಟಿನ ಕೆಳಗೆ ಅಥವಾ ಬಾಲದ ಬುಡದಲ್ಲಿ ಕಟ್ಟಿ ನೋಡಿ. ಮುಧೋಳ ನಾಯಿಯ ಕೊಬ್ಬಿಲ್ಲದ ನೀಳ ಕಾಲಿಗೆ ಕಟ್ಟುವುದು ಇದರ ಮುಂದೆ ಹಬ್ಬ. ಡ್ರಿಪ್ ಹಾಕಿದ ಕಾಲಿಗೆ ಕಫ್ ಬೇಡ. ಗಾಳಿ ತುಂಬಿದಾಗಲೆಲ್ಲ ಡ್ರಿಪ್ ನಿಲ್ಲುತ್ತದೆ, ಆ ಹೊತ್ತಿಗೆ ಕೊಟ್ಟ ಔಷಧಿ ಅಲ್ಲೇ ಕೂತು, ಕಫ್ ಸಡಿಲಾದೊಡನೆ ಒಮ್ಮೆಗೇ ಒಳಹೋಗುತ್ತದೆ.

ಇನ್ನು ಎತ್ತರ. ಕಫ್ ಹೃದಯದ ಮಟ್ಟದಲ್ಲಿರಬೇಕು. 10 ಸೆಂ.ಮೀ. ಕೆಳಗಿದ್ದರೆ ಅಂಕಿ 7ರಿಂದ 8ರಷ್ಟು ಹೆಚ್ಚು, 10 ಸೆಂ.ಮೀ. ಮೇಲಿದ್ದರೆ ಅಷ್ಟೇ ಕಡಿಮೆ. ಎದೆ ಆಳವಾದ ನಾಯಿಯನ್ನು ಬೆನ್ನ ಮೇಲೆ ಮಲಗಿಸಿ, ಕಾಲನ್ನು ಟೇಬಲ್ಲಿನ ಅಂಚಿಗೆ ಕೆಳಗೆಳೆದು ಕಟ್ಟಿದರೆ ಈ ತಪ್ಪು 15 ದಾಟುವುದೂ ಉಂಟು. ನಿಮ್ಮ 138 ಬಂದಾಗ ಕಾಲು ಎಲ್ಲಿತ್ತು?

ಇಷ್ಟೆಲ್ಲ ಸರಿಪಡಿಸಿ, ಮೊದಲ ರೀಡಿಂಗ್ ಬಿಟ್ಟು, ಮುಂದಿನ ನಾಲ್ಕೈದನ್ನು ಬರೆದುಕೊಳ್ಳಿ. ಆಪರೇಷನ್ ನಡುವೆ ಕಾಲು ಬದಲಿಸಬೇಡಿ. ಬದಲಿಸಲೇಬೇಕಾದರೆ ಚಾರ್ಟಿನಲ್ಲಿ ಗೆರೆ ಎಳೆದು ಬರೆಯಿರಿ. ಆಮೇಲೂ ಅಂಕಿ ಕುಣಿಯುತ್ತಿದ್ದರೆ ಸರ್ವಿಸ್‌ನವರಿಗೆ ಫೋನ್ ಮಾಡಿ.

ಪ್ರಶ್ನೆ: ನಾಡಿ ಬೆರಳಿಗೆ ಗಟ್ಟಿಯಾಗಿ ಸಿಗುತ್ತಿದ್ದರೆ ಬಿಪಿ ಸರಿಯಿದೆ ಎಂದು ಹಿರಿಯರು ಹೇಳುತ್ತಾರೆ. ನಿಜವೇ? (ಪಶುವೈದ್ಯ ವಿದ್ಯಾರ್ಥಿ, ಹೆಬ್ಬಾಳ)

ಉತ್ತರ: ಇಲ್ಲ. ಬೆರಳಿಗೆ ತಿಳಿಯುವುದು ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ. 90/30 ಇರುವ ನಾಯಿಯ ನಾಡಿ 60ರ ಅಂತರದಲ್ಲಿ ಧಡಧಡ ಬಡಿಯುತ್ತದೆ, ಸರಾಸರಿ ಮಾತ್ರ 50. 110/80 ಇರುವ ನಾಯಿಯ ನಾಡಿ ಸಣ್ಣಗೆ ಸಿಗುತ್ತದೆ, ಸರಾಸರಿ 90. ಬೆರಳು ಯಾವುದನ್ನು ಆರೋಗ್ಯ ಎನ್ನುತ್ತದೆ, ನೀವೇ ನೋಡಿ. ನಾಡಿ ಮುಟ್ಟುವುದನ್ನು ಬಿಡಬೇಡಿ, ಲಯ ತಪ್ಪಿದ್ದು ಮೊದಲು ತಿಳಿಯುವುದು ಅಲ್ಲೇ. ಬಿಪಿಗೆ ಅದನ್ನು ಸಾಕ್ಷಿ ಮಾಡಬೇಡಿ. ಪಲ್ಸ್ ಆಕ್ಸಿಮೀಟರಿನ ಅಲೆಗೂ ಇದೇ ಮಾತು.

ಪ್ರಶ್ನೆ: ಡಾಪ್ಲರ್‌ನಲ್ಲಿ ಒಮ್ಮೊಮ್ಮೆ ಶಬ್ದವೇ ಸಿಗುವುದಿಲ್ಲ. ಸರಿಯಾದ ಕ್ರಮ ತಿಳಿಸಿ. (ಕ್ಲಿನಿಕ್ ಸಹಾಯಕಿ, ಹುಬ್ಬಳ್ಳಿ)

ಉತ್ತರ: ಮುಂಗಾಲಿನ ಅಡಿಯಲ್ಲಿ, ದೊಡ್ಡ ಮೆತ್ತೆಯ ಸ್ವಲ್ಪ ಮೇಲೆ, ಎರಡು ಬೆರಳಗಲ ಕೂದಲು ನುಣ್ಣಗೆ ತೆಗೆಯಿರಿ. ಕೂದಲ ನಡುವೆ ಉಳಿದ ಗಾಳಿಯನ್ನು ಶಬ್ದತರಂಗ ದಾಟುವುದಿಲ್ಲ, ಎಷ್ಟು ಜೆಲ್ ಸುರಿದರೂ. ಸ್ಪಿರಿಟಿನಿಂದ ಒರೆಸಿ ಒಣಗಲು ಬಿಡಿ. ಪ್ರೋಬಿನ (ಡಾಪ್ಲರಿನಲ್ಲಿ ಕಾಲಿಗೆ ಹಿಡಿಸುವ ಭಾಗದ) ಗುಳಿಬಿದ್ದ ಮುಖಕ್ಕೆ ಅಲ್ಟ್ರಾಸೌಂಡ್ ಜೆಲ್ ತುಂಬಿ. ಇಸಿಜಿ ಜೆಲ್ ಬೇಡ, ಅದರಲ್ಲಿರುವ ಉಪ್ಪು ಪ್ರೋಬಿನೊಳಗಿನ ಹರಳನ್ನು ತಿನ್ನುತ್ತದೆ. ಕಾಲಿನ ಮೇಲಿಟ್ಟು ಎಡ-ಬಲಕ್ಕೆ ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ‘ಶ್ಶೂ… ಶ್ಶೂ…’ ಎಂದು ಚೊಕ್ಕವಾಗಿ ಬೀಸುವ ಶಬ್ದ ಅಪಧಮನಿಯದು. ಏಕನಾದದಲ್ಲಿ ಗಾಳಿ ಬೀಸಿದಂತೆ ಕೇಳಿದರೆ ಪಕ್ಕದ ಅಭಿಧಮನಿ ಹಿಡಿದಿದ್ದೀರಿ.

ಪ್ರೋಬನ್ನು ಪ್ಲಾಸ್ಟರಿನಿಂದ ಹಗುರಾಗಿ ಹಿಡಿಸಿ. ಶಬ್ದ ಹೋಗುವುದಕ್ಕೆ ನಾವು ಕಂಡ ಮೊದಲ ಕಾರಣ ಇಲ್ಲಿದೆ: ಬಿಗಿದು ಕಟ್ಟಿ ಅಪಧಮನಿಯನ್ನೇ ಒತ್ತಿಬಿಡುವುದು. ಗಂಟೆಗಟ್ಟಲೆ ಹಾಗೆ ಬಿಟ್ಟರೆ ಪಂಜ ಊದಿಕೊಂಡಿರುತ್ತದೆ. ಕಫ್ ಪ್ರೋಬಿಗಿಂತ ಮೇಲೆ, ಹೃದಯದ ಕಡೆಗೆ. ಶಬ್ದ ನಿಂತ ಮೇಲೆ ಇನ್ನೂ 20ರಿಂದ 30ರಷ್ಟು ಗಾಳಿ ಏರಿಸಿ, ಸೆಕೆಂಡಿಗೆ 2-3ರಂತೆ ಇಳಿಸಿ. ಮೊದಲ ಶಬ್ದ ಮರಳಿದ ಜಾಗವೇ ನಿಮ್ಮ ಅಂಕಿ. ಬೇಗ ಇಳಿಸಿದರೆ ನಿಧಾನ ಬಡಿತದ ನಾಯಿಯಲ್ಲಿ ಎರಡು ಬಡಿತಗಳ ನಡುವೆ ಮುಳ್ಳು ಎಷ್ಟೋ ಕೆಳಗೆ ಹೋಗಿರುತ್ತದೆ. ಓದಿದ ಮೇಲೆ ಗಾಳಿಯನ್ನು ಪೂರ್ತಿ ಬಿಡಿ.

ಇಷ್ಟಾದರೂ ಶಬ್ದವಿಲ್ಲವೇ? ಜೆಲ್ ಒಣಗಿದೆಯೇ ನೋಡಿ, ಬ್ಯಾಟರಿ ನೋಡಿ. ಪಂಜ ತಣ್ಣಗಿದ್ದರೆ, ಅಥವಾ ಮಂಪರಿನ ಔಷಧಿಗಳಾದ ಕ್ಸೈಲಜೀನ್, ಮೆಡಿಟೊಮಿಡೀನ್ ಕೊಟ್ಟಿದ್ದರೆ ರಕ್ತನಾಳ ಬಿಗಿದುಕೊಂಡಿರುತ್ತದೆ. ಆಗ ಹಿಂಗಾಲು ಅಥವಾ ಬಾಲದ ಅಡಿ ಹುಡುಕಿ. ನಡುನಡುವೆ ಕರಕರ ಸದ್ದು ಬಂದರೆ ಅದು ರಕ್ತ ನಿಲ್ಲಿಸಲು ಸುಡುವ ಕಾಟರಿಯದು, ಅದು ನಿಂತ ಮೇಲೆ ಅಳೆಯಿರಿ. ಇನ್ನೊಂದು: ಮುಳ್ಳಿನ ಗೇಜು ಗಾಳಿಯಿಲ್ಲದಾಗ ಸೊನ್ನೆಯಲ್ಲಿ ನಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ವರ್ಷಕ್ಕೊಮ್ಮೆಯಾದರೂ ಒಂದು ಟಿ-ಕೊಳವೆ ಹಾಕಿ, ಸರಿಯಿದೆಯೆಂದು ಖಾತ್ರಿಯಾದ ಇನ್ನೊಂದು ಗೇಜಿನ ಜೊತೆ 60, 90, 120ರಲ್ಲಿ ಹೋಲಿಸಿ.

ಡಾಪ್ಲರಿನ ಸ್ಪೀಕರನ್ನು ಸಣ್ಣಗೆ ಹಾಕಿಯೇ ಇಡಿ. ಒಬ್ಬರು ಸರ್ಜನ್, ಒಬ್ಬರು ಸಹಾಯಕರು ಮಾತ್ರ ಇರುವ ಕ್ಲಿನಿಕ್ಕಿಗೆ ಇದಕ್ಕಿಂತ ಒಳ್ಳೆಯ ಕಾವಲು ಇಲ್ಲ. ಶಬ್ದ ಕ್ಷೀಣಿಸಿದ್ದು ಕೈಯಲ್ಲಿ ಚಾಕು ಹಿಡಿದವರಿಗೂ ಕೇಳುತ್ತದೆ.

ಪ್ರಶ್ನೆ: ತಾನಾಗಿ ಗಾಳಿ ತುಂಬಿಕೊಳ್ಳುವ ಆಸಿಲೊಮೆಟ್ರಿಕ್ ಮಷಿನ್ ಯಾವಾಗ ಸುಳ್ಳು ಹೇಳುತ್ತದೆ? ಕಂಪನಿಯವರು ‘ಪ್ರಾಣಿಗಳಿಗೆಂದೇ ಪ್ರಮಾಣಿತ’ ಎನ್ನುತ್ತಾರೆ. (ಮಂಗಳೂರು)

ಉತ್ತರ: ಅದು ಕಫ್‌ನ ಗಾಳಿಯನ್ನು ಇಳಿಸುತ್ತಾ, ನಾಡಿಯ ಬಡಿತಕ್ಕೆ ಆ ಗಾಳಿ ಎಷ್ಟು ತುಯ್ದಾಡುತ್ತದೆ ಎಂದು ನೋಡುತ್ತದೆ. ತುಯ್ದಾಟ ಅತಿ ಹೆಚ್ಚಾದಾಗಿನ ಒತ್ತಡವೇ ಸರಾಸರಿ. ಸಿಸ್ಟಾಲಿಕ್, ಡಯಾಸ್ಟಾಲಿಕ್ ಎರಡನ್ನೂ ಅದು ಅಳೆಯುವುದಿಲ್ಲ, ಕಂಪನಿಯ ಸೂತ್ರದಿಂದ ಲೆಕ್ಕ ಕಟ್ಟುತ್ತದೆ. ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಪರದೆಯ ಮೇಲೆ ದೊಡ್ಡದಾಗಿ ಕಾಣುವ ಎರಡು ಅಂಕಿಗಳಿಗಿಂತ, ಪಕ್ಕದಲ್ಲಿ ಆವರಣದೊಳಗೆ ಸಣ್ಣದಾಗಿ ಕೂತ ಮೂರನೆಯದೇ ಹೆಚ್ಚು ನಂಬಿಗಸ್ತ.

ಬಡಿತದ ಲಯ ತಪ್ಪಿದರೆ, ಬಡಿತ ತೀರ ನಿಧಾನವಾದರೆ ಇಲ್ಲವೇ ತೀರ ಜೋರಾದರೆ, ಪ್ರಾಣಿ ನಡುಗಿದರೆ, ಸರ್ಜನ್ ಕಾಲಿಗೆ ಒರಗಿಕೊಂಡರೆ ಅದು ಎಡವುತ್ತದೆ. ಮೂರು ಕಿಲೋ ಬೆಕ್ಕಿನ ಸಣ್ಣ ನಾಡಿ ಅದಕ್ಕೆ ಸಿಗುವುದೇ ಕಷ್ಟ. ಕ್ಸೈಲಜೀನ್-ಕೆಟಮಿನ್ ಹೆಚ್ಚು ಬಳಸುವ ನಮ್ಮ ಕಡೆ ಇದು ದಿನದ ಮಾತು: ನಾಳ ಬಿಗಿದು, ಬಡಿತ ನಿಧಾನವಾಗಿ, ಮಷಿನ್ ಮತ್ತೆ ಮತ್ತೆ ಗಾಳಿ ತುಂಬಿ ಕೊನೆಗೆ ಬರೀ ಗೆರೆಗಳನ್ನು ತೋರಿಸುತ್ತದೆ. ಇನ್ನೂ ಒಂದು ದೋಷವಿದೆ. ನಾಯಿಗಳಲ್ಲಿ ನೇರ ಅಳತೆಯ ಜೊತೆ ಹೋಲಿಸಿದಾಗ ಮತ್ತೆ ಮತ್ತೆ ಕಂಡದ್ದು, ಬಿಪಿ ಹೆಚ್ಚಿದ್ದಾಗ ಈ ಮಷಿನ್‌ಗಳು ಕಡಿಮೆ ತೋರಿಸುತ್ತವೆ, ಬಿಪಿ ಬಿದ್ದಾಗ ಹೆಚ್ಚು ತೋರಿಸುತ್ತವೆ. ಅಂದರೆ ಎಚ್ಚರಿಕೆ ಬೇಕಾದ ಹೊತ್ತಿನಲ್ಲೇ ಸಮಾಧಾನ ಹೇಳುತ್ತವೆ. ಸರಾಸರಿ 65 ಎಂದು ತೋರಿಸಿ, ಹಿಂದಿನ ಮೂರು ರೀಡಿಂಗ್‌ಗಳಿಂದ ಇಳಿಯುತ್ತಲೇ ಬಂದಿದ್ದರೆ 60 ಆಗಲಿ ಎಂದು ಕಾಯಬೇಡಿ.

ಸುಳ್ಳು ಹಿಡಿಯಲು ಸುಲಭದ ದಾರಿ: ಬಿಪಿಯ ಜೊತೆ ಮಷಿನ್ ನಾಡಿಬಡಿತವನ್ನೂ ತೋರಿಸುತ್ತದೆ. ಅದು ಇಸಿಜಿ ಅಥವಾ ಸ್ಟೆತಾಸ್ಕೋಪಿನ ಎಣಿಕೆಗೆ ತಾಳೆಯಾಗದಿದ್ದರೆ ಆ ರೀಡಿಂಗ್ ಕಸದಬುಟ್ಟಿಗೆ. ಮನುಷ್ಯರ ಮಾನಿಟರ್ ಬಳಸುವವರು ಚಿಕ್ಕ ಪ್ರಾಣಿಗೆ ನವಜಾತ ಶಿಶುವಿನ ಮೋಡ್ ಆರಿಸಬೇಕು. ಆ ಮೋಡ್‌ನಲ್ಲಿ ಸಾಮಾನ್ಯವಾಗಿ ಗಾಳಿ 150ರ ಆಸುಪಾಸಿಗಿಂತ ಮೇಲೇರದಂತೆ ತಡೆ ಇರುತ್ತದೆ, ಬಿಪಿ ತುಂಬಾ ಹೆಚ್ಚಿದ್ದರೆ ಅಂಕಿಯೇ ಬಾರದು.

‘ಪ್ರಮಾಣಿತ’ ಎಂದವರನ್ನು ‘ಯಾವ ಅಳತೆಗೋಲಿಗೆ?’ ಎಂದು ಕೇಳಿ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2007ರಲ್ಲಿ ಮಟ್ಟ ಗೊತ್ತುಮಾಡಿದೆ: ಹೋಲಿಕೆಯ ಅಳತೆಯಿಂದ ಸರಾಸರಿ ವ್ಯತ್ಯಾಸ 10ರೊಳಗೆ, ಅದರ ಪ್ರಮಾಣ ವಿಚಲನೆ (ಅಂಕಿಗಳ ಚದುರುವಿಕೆ) 15ರೊಳಗೆ ಇರಬೇಕು, ರೀಡಿಂಗ್‌ಗಳಲ್ಲಿ ಅರ್ಧದಷ್ಟು 10ರ ಅಂತರದೊಳಗೆ, ಶೇ 80ರಷ್ಟು 20ರ ಅಂತರದೊಳಗೆ ಬರಬೇಕು. ಇದನ್ನು ಗೆದ್ದ ಮಷಿನ್ ಕೂಡ ಐದರಲ್ಲಿ ಒಂದು ಸಲ 20ಕ್ಕಿಂತ ಹೆಚ್ಚು ತಪ್ಪಬಹುದು ಎಂದಾಯಿತು. ನಾಯಿಯಲ್ಲಿ ಗೆದ್ದದ್ದು ಬೆಕ್ಕಿನಲ್ಲೂ ಗೆದ್ದಿದೆಯೇ, ಬಿಪಿ ಬಿದ್ದಾಗಲೂ ಪರೀಕ್ಷಿಸಿದ್ದಾರೆಯೇ ಎಂದೂ ಕೇಳಿ.

ಪ್ರಶ್ನೆ: ಅಪಧಮನಿಗೇ ಸೂಜಿ ಹಾಕಿ ಅಳೆಯುವುದು ಎಲ್ಲಕ್ಕಿಂತ ನಿಖರ ಎಂದು ಓದಿದ್ದೇನೆ. ಎಲ್ಲರೂ ಅದನ್ನೇ ಏಕೆ ಮಾಡುವುದಿಲ್ಲ? ಅದರಲ್ಲೂ ತಪ್ಪಾಗುತ್ತದೆಯೇ? (ಕಿರಿಯ ಪಶುವೈದ್ಯರು, ಬೀದರ್)

ಉತ್ತರ: ಧಾರಾಳವಾಗಿ ಆಗುತ್ತದೆ. ಮೊಟ್ಟಮೊದಲು ರಕ್ತದೊತ್ತಡ ಅಳೆದದ್ದೂ ಹೀಗೆ, ಅದೂ ಪ್ರಾಣಿಯಲ್ಲೇ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕಟ್ಟಿಹಾಕಿದ ಹೆಣ್ಣು ಕುದುರೆಯ ತೊಡೆಯ ಅಪಧಮನಿಗೆ ಹಿತ್ತಾಳೆ ಕೊಳವೆ ಹಾಕಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಏರಿತೆಂದು 1733ರಲ್ಲಿ ಪ್ರಕಟಿಸಿದ. ಪಾದರಸಕ್ಕೆ ಇಳಿಸಿದರೆ 190ರ ಮೇಲೆ. ಅರಿವಳಿಕೆ ಇನ್ನೂ ಹುಟ್ಟಿರದ ಕಾಲ, ಆ ಬಡಪಾಯಿಯ ನೋವು-ಭಯವೂ ಆ ಅಂಕಿಯಲ್ಲಿ ಸೇರಿದೆ.

ಈಗ ಹಿಂಗಾಲಿನ ಪಾದದ ಮೇಲೆ, ಎರಡನೆಯ ಮತ್ತು ಮೂರನೆಯ ಮೂಳೆಗಳ ನಡುವೆ ಹರಿಯುವ ಅಪಧಮನಿಗೆ ಕ್ಯಾನುಲಾ (ತೆಳು ಕೊಳವೆ) ಹಾಕುತ್ತೇವೆ. ಮಧ್ಯಮ ಗಾತ್ರದ ನಾಯಿಗೆ 22 ಗೇಜ್, ಬೆಕ್ಕಿಗೆ 24. ಅಲ್ಲಿಂದ ಗಡುಸು ಕೊಳವೆಯ ಮೂಲಕ, ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಟ್ರಾನ್ಸ್‌ಡ್ಯೂಸರಿಗೆ. ಸಲೈನ್ ಚೀಲಕ್ಕೆ 300ರ ಒತ್ತಡ. ಸಾಮಾನ್ಯ ಡ್ರಿಪ್‌ನ ಮೆದು ಕೊಳವೆ ಹಾಕಿದರೆ ಬಡಿತದ ಅಲೆಯನ್ನು ಕೊಳವೆಯ ಗೋಡೆಯೇ ನುಂಗುತ್ತದೆ. ಟ್ರಾನ್ಸ್‌ಡ್ಯೂಸರ್ ಮಟ್ಟ ತಪ್ಪಬಾರದು: ಬೆನ್ನ ಮೇಲೆ ಮಲಗಿಸಿದರೆ ಭುಜದ ತುದಿ, ಮಗ್ಗುಲಾದರೆ ಎದೆಮೂಳೆ. ಟೇಬಲ್ ಏರಿಸಿ ಟ್ರಾನ್ಸ್‌ಡ್ಯೂಸರ್ ಏರಿಸಲು ಮರೆತರೆ ನಾಯಿಗೆ ಏನೂ ಆಗದೆಯೇ ‘ಬಿಪಿ’ ಏರಿರುತ್ತದೆ.

ಅಲೆ ನಂಬುವಂತಿದೆಯೇ ಎಂದು ತಿಳಿಯಲು ಕೊಳವೆಗೆ ಸಲೈನ್ ನುಗ್ಗಿಸುವ ಫ್ಲಶ್ ಎಳೆದು ತಟ್ಟನೆ ಬಿಡಿ. ಗೆರೆ ಚೌಕಾಕಾರವಾಗಿ ಏರಿ, ಇಳಿದು, ಒಂದೆರಡು ಸಲ ತುಯ್ದು ನಿಂತರೆ ಸರಿ. ತುಯ್ಯದೇ ಮೆಲ್ಲನೆ ಜಾರಿದರೆ ಗಾಳಿಗುಳ್ಳೆ, ಹೆಪ್ಪು, ಇಲ್ಲವೇ ಮಡಿಚಿದ ಕ್ಯಾನುಲಾ. ಆಗ ಸಿಸ್ಟಾಲಿಕ್ ಕಡಿಮೆ, ಡಯಾಸ್ಟಾಲಿಕ್ ಹೆಚ್ಚು ತೋರುತ್ತದೆ. ಹಲವು ಸಲ ಕುಣಿದರೆ ಸಿಸ್ಟಾಲಿಕ್ ಉಬ್ಬಿದೆ. ಎರಡರಲ್ಲೂ ಸರಾಸರಿ ಅಷ್ಟಾಗಿ ಕೆಡುವುದಿಲ್ಲ.

ಎಲ್ಲರೂ ಮಾಡದಿರುವುದು ಸಮಯ, ಖರ್ಚು, ಕೈಚಳಕದ ಕಾರಣಕ್ಕೆ. ಹತ್ತು ನಿಮಿಷದ ಬೆಕ್ಕಿನ ಆಪರೇಷನ್‌ಗೆ ಇಪ್ಪತ್ತು ನಿಮಿಷ ಸೂಜಿ ಚುಚ್ಚುತ್ತಾ ಕೂರುವುದು ಬುದ್ಧಿವಂತಿಕೆಯಲ್ಲ. ಹೊಟ್ಟೆ ತಿರುಚಿದ ನಾಯಿ, ರಕ್ತ ಸೋರುವ ಗುಲ್ಮದ ಗೆಡ್ಡೆ, ಹೃದ್ರೋಗಿ: ಇವಕ್ಕೆ ಹಾಕಿ. ಕೊಳವೆಗೆ ಕೆಂಪು ಚೀಟಿ ಅಂಟಿಸಿ, ಯಾರಾದರೂ ಅಭಿಧಮನಿಯೆಂದು ಔಷಧಿ ಚುಚ್ಚಿದರೆ ಪಾದವೇ ಕೊಳೆಯಬಹುದು. ತೆಗೆದ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ.

ಪ್ರಶ್ನೆ: ಅಂಕಿ ನಿಜವಾಗಿಯೂ ಕಡಿಮೆ ಎಂದು ಖಚಿತವಾದರೆ ಮೊದಲು ಏನು? (ಶಿವಮೊಗ್ಗ)

ಉತ್ತರ: ಉಸಿರಿನ ಮೂಲಕ ಕೊಡುವ ಅರಿವಳಿಕೆ ಐಸೊಫ್ಲುರೇನ್ ಇಳಿಸಿ. ರಕ್ತನಾಳ ಸಡಿಲಿಸಿ ಬಿಪಿ ಬೀಳಿಸುವುದರಲ್ಲಿ ಅದೇ ಮುಂದು, ಡೋಸ್ ಏರಿದಷ್ಟೂ ಬೀಳುತ್ತದೆ. ಇಳಿಸಲು ನೋವು ಅಡ್ಡಬಂದರೆ ನೋವಿನ ಔಷಧಿ, ಸ್ಥಳೀಯ ಅರಿವಳಿಕೆ ಸೇರಿಸಿ. ಬಡಿತ ನಿಧಾನವಾಗಿದ್ದು ಬಿಪಿಯೂ ಬಿದ್ದಿದ್ದರೆ ಅಟ್ರೊಪಿನ್, ಕಿಲೋಗೆ 0.02ರಿಂದ 0.04 ಮಿ.ಗ್ರಾಂ. ಆದರೆ ಕ್ಸೈಲಜೀನ್ ಕೊಟ್ಟ ಹೊಸದರಲ್ಲಿ ಬಡಿತ ನಿಧಾನ, ಬಿಪಿ ಹೆಚ್ಚು ಇರುತ್ತದೆ. ಆಗ ಅಟ್ರೊಪಿನ್ ಕೊಟ್ಟರೆ ಬಿಗಿದ ನಾಳಗಳ ಎದುರು ಹೃದಯವನ್ನು ಓಡಿಸಿದಂತೆ. ಅಳೆಯದೆ ಕೊಡಬೇಡಿ ಎನ್ನುವುದು ಇದಕ್ಕೇ. ಆಮೇಲೆ ಡ್ರಿಪ್: ನಾಯಿಗೆ ಕಿಲೋಗೆ 5ರಿಂದ 10 ಮಿ.ಲೀ., ಬೆಕ್ಕಿಗೆ 3ರಿಂದ 5 ಮಿ.ಲೀ., ಹತ್ತು-ಹದಿನೈದು ನಿಮಿಷದಲ್ಲಿ, ಹೃದ್ರೋಗವಿದ್ದರೆ ಬೇಡ. ಅದಕ್ಕೂ ಬಗ್ಗದಿದ್ದರೆ ಡೋಪಮಿನ್ ನಿಮಿಷಕ್ಕೆ ಕಿಲೋಗೆ 5ರಿಂದ 10 ಮೈಕ್ರೊಗ್ರಾಂ. ಬಿಪಿ ಬಿದ್ದು ಎದ್ದ ಪ್ರಾಣಿಗೆ ನೋವುನಿವಾರಕ ಮೆಲಾಕ್ಸಿಕ್ಯಾಂ ಚುಚ್ಚುವ ಅವಸರ ಬೇಡ. ಏಟು ತಿಂದ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು.

ಪ್ರಶ್ನೆ: ಮನೆಯಲ್ಲಿ ಅಪ್ಪನ ಬಿಪಿ ಮಷಿನ್ ಇದೆ. ಪಗ್ ನಾಯಿಗೆ ಆಪರೇಷನ್ ಮುಂಚೆ ಅದರಲ್ಲೇ ನೋಡಬಹುದೇ? ಕ್ಲಿನಿಕ್‌ನಲ್ಲಿ ಏನು ಕೇಳಲಿ? (ಬೆಂಗಳೂರು)

ಉತ್ತರ: ಬೇಡ. ಅದರ ಕಫ್ ಪಗ್‌ನ ಕಾಲಿಗೆ ಎರಡು ಪಟ್ಟು ದೊಡ್ಡದು, ಲೆಕ್ಕದ ಸೂತ್ರ ಅಪ್ಪನಂಥವರ ತೋಳಿಗೆ ಮಾಡಿದ್ದು. ಕ್ಲಿನಿಕ್‌ನಲ್ಲಿ ಎರಡು ಮಾತು ಕೇಳಿ. ಬಿಪಿಯನ್ನು ಐದು ನಿಮಿಷಕ್ಕೊಮ್ಮೆ ಬರೆದಿಡುತ್ತಾರೆಯೇ, ಯಾವ ವಿಧಾನದಲ್ಲಿ? ಆಪರೇಷನ್ ಮುಗಿದು ನಾಯಿ ತಲೆಯೆತ್ತುವ ತನಕ ಯಾರು ಪಕ್ಕದಲ್ಲಿರುತ್ತಾರೆ? ಪಗ್‌ನಂಥ ಮೊಂಡುಮೂಗಿನ ನಾಯಿಗೆ ಎರಡನೆಯದನ್ನೇ ಮೊದಲು ಕೇಳಿ.